ಓಡುವ ಕಾಲು, ಕೇಳುವ ಬಾಯಿ

ಸಾಲ ಕೇಳುವುದು ಸುಲಭ, ಚಂದಾ ಕೇಳುವುದು ಕಷ್ಟ. ಸಾಲ ಕೇಳುವವನಿಗೆ 'ಬರುವ ತಿಂಗಳು ಖಂಡಿತ ವಾಪಸು' ಎಂಬ ಸುಳ್ಳಿನ ಬಲವಾದರೂ ಇರುತ್ತದೆ. ಚಂದಾ ಎತ್ತುವವನಿಗೆ ಅದೂ ಇಲ್ಲ. ತನ್ನದಲ್ಲದ ಕೆಲಸಕ್ಕೆ, ತನ್ನ ಕೈಯಲ್ಲಿ ನಿಲ್ಲದ ದುಡ್ಡಿಗೆ, ತಾನು ಹಲ್ಲು ಗಿಂಜಬೇಕು. ಕೇಳಿಸಿಕೊಂಡವರು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ, ಫ್ಯಾನಿನ ವೇಗ ಹೆಚ್ಚಿಸುತ್ತಾರೆ, 'ಇವಳೇ, ಚಹಾ ಮಾಡ್ತೀಯಾ' ಎಂದು ಒಳಗೆ ಕೂಗುತ್ತಾರೆ. ಚಹಾ ಬಂತೆಂದರೆ ಚಂದಾ ಬರುವುದಿಲ್ಲ ಎಂದೇ ಲೆಕ್ಕ. ಹೀಗಾಗಿ ಪರೋಪಕಾರಿಗಳು ಎಲ್ಲ ಕಾಲದಲ್ಲೂ ಒಂದು ನೆಪ ಹುಡುಕಿಕೊಂಡೇ ಮನೆಮನೆಯ ಬೆಲ್ ಒತ್ತಿದ್ದಾರೆ. ಮುಂಬಯಿಯಲ್ಲಿ ಈ ಇಪ್ಪತ್ತು ವರ್ಷಗಳಿಂದ ಚಾಲ್ತಿಯಲ್ಲಿರುವ ನೆಪ ಓಟ.

ಸ್ನೇಹಿತರ ಮಗಳೊಬ್ಬಳು ಕ್ಯಾನ್ಸರ್ ಬಂದ ಮಕ್ಕಳಿಗೆ ನೆರವಾಗುವ ಸಂಸ್ಥೆಯೊಂದರ ಪರವಾಗಿ ಓಡುವವಳು. ದಾನಿಗಳ ಬೇಟೆಗೆ ಜೊತೆ ಬೇಕೆಂದು ನನ್ನನ್ನು ಮಾಟುಂಗಕ್ಕೆ ಎಳೆದುಕೊಂಡು ಹೋಗಿದ್ದಳು. ಪರಿಚಯದ ಹೋಟೆಲ್, ಗಲ್ಲಾದಲ್ಲಿ ಶೆಟ್ರು.

"ಎಷ್ಟು ದೂರ ಓಡುದು ಮಗಾ?"

"ಇಪ್ಪತ್ತೊಂದು ಕಿಲೋಮೀಟರ್ ಅಂಕಲ್. ಮಾಹಿಮ್‌ನಿಂದ ಶುರು, ಆಜಾದ್ ಮೈದಾನದ ಹತ್ರ ಮುಗಿಯೋದು."

"ಮಾಹಿಮ್‌ನಿಂದ ಅಷ್ಟು ದೂರ ಎಲ್ಲುಂಟು?"

"ಬಾಂದ್ರಾಕ್ಕೆ ಹೋಗಿ ಸೀ ಲಿಂಕ್ ಮೇಲೆ ಸುತ್ತಿಕೊಂಡು ಬರಬೇಕು."

"ಸುತ್ತಿಕೊಂಡಾ! ಹೊಸಬರನ್ನು ಕಂಡ ಟ್ಯಾಕ್ಸಿಯವನ ಹಾಗೆ ಆಯ್ತಲ್ಲ ಮಾರಾಯ್ತಿ. ಆವತ್ತು ಲೋಕಲ್ ಬಂದ್ ಉಂಟಾ?" ಎಂದು ನಗುತ್ತಲೇ ಗಲ್ಲಾ ಎಳೆದರು. ಕೊಟ್ಟ ಮೇಲೆ ಇನ್ನೊಂದು ಮಾತು: "ನೀನು ಓಡದಿದ್ರೂ ನಾನು ಕೊಡ್ತಿದ್ದೆ. ಸುಮ್ಮನೆ ಕಾಲು ಯಾಕೆ ನೋಯಿಸಿಕೊಳ್ಳುದು?"

"ಓಡದಿದ್ರೆ ನಾನು ಕೇಳ್ತಿರಲಿಲ್ಲ ಅಂಕಲ್."

ಶೆಟ್ರು ಒಂದು ಕ್ಷಣ ಅವಳನ್ನೇ ನೋಡಿ, ಗಲ್ಲಾವನ್ನು ಮತ್ತೊಮ್ಮೆ ಎಳೆದರು.

ನನಗನಿಸುವುದೂ ಅದೇ. ಈ ಓಟಗಳಲ್ಲಿ ಪುಣ್ಯದ ಕೆಲಸ ನಡೆಯುವುದು ಕಾಲಿನಲ್ಲಲ್ಲ, ಬಾಯಲ್ಲಿ. ಜನವರಿಯ ಒಂದು ಭಾನುವಾರ ಓಡುವುದಕ್ಕೆ ಅಕ್ಟೋಬರ್, ನವೆಂಬರಿನಿಂದಲೇ ನಾಚಿಕೆ ಬಿಟ್ಟು ಕೇಳುತ್ತಾ ತಿರುಗುತ್ತಾರಲ್ಲ, ಆ ಕಸರತ್ತಿಗೆ ಹೋಲಿಸಿದರೆ ಓಟದ ದಾರಿಯಲ್ಲಿ ಸಿಗುವ ಪೆಡ್ಡರ್ ರೋಡಿನ ಏರು ಏನೂ ಅಲ್ಲ.

ಶೆಟ್ರಿಗೆ ಇದು ಹೊಸದೂ ಅಲ್ಲ. ಒಂದು ಕಾಲದಲ್ಲಿ ಅವರೇ ಟಿಕೆಟ್ ಪುಸ್ತಕ ಹಿಡಿದು ಮಾಟುಂಗ, ಸಯನ್, ಕುರ್ಲಾ ಎಂದು ಅಲೆದವರು. ಆಗ ಸಹಾಯಾರ್ಥ ಪ್ರದರ್ಶನಗಳ ಕಾಲ. ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಾ ಓದಿದ ಹುಡುಗರು ಈ ಊರಲ್ಲಿ ಅದೆಷ್ಟೋ. ಆ ರಾತ್ರಿ ಶಾಲೆಗಳ ನಿಧಿಗೆ, ಜಾತಿ ಸಂಘದ ವಿದ್ಯಾರ್ಥಿವೇತನಕ್ಕೆ, ಊರಿನ ದೇವಸ್ಥಾನದ ಮಾಡಿಗೆ, ಎಲ್ಲದಕ್ಕೂ ಒಂದೊಂದು ನಾಟಕ ಅಥವಾ ಯಕ್ಷಗಾನ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘ, ಕೈ ಉದ್ದವಿದ್ದರೆ ಷಣ್ಮುಖಾನಂದ ಹಾಲ್. ಟಿಕೆಟ್ ಕೊಂಡವರಲ್ಲಿ ಅರ್ಧ ಜನ ಬರುತ್ತಿರಲಿಲ್ಲ. ಬಂದ ಅರ್ಧದಲ್ಲಿ ಅರ್ಧ ಜನ ಕ್ಯಾಂಟೀನಿನ ಬಟಾಟೆ ವಡೆಯ ಸಾಲಿನಲ್ಲಿ ಇರುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹೌಸ್‌ಫುಲ್.

ನಾಟಕಕ್ಕಿಂತ ದೊಡ್ಡ ಕಲಾಕೃತಿ ಸ್ಮರಣ ಸಂಚಿಕೆ. ಅದರಲ್ಲಿ ಎರಡು ಸಂದೇಶ, ಒಂದು ಅಧ್ಯಕ್ಷರ ಮಾತು, ಉಳಿದದ್ದೆಲ್ಲ ಜಾಹೀರಾತು. ಹಿಂಬದಿಯ ರಕ್ಷಾಪುಟಕ್ಕೆ ಒಂದು ದರ, ಒಳ ರಕ್ಷಾಪುಟಕ್ಕೆ ಇನ್ನೊಂದು, ಪೂರ್ಣ ಪುಟ, ಅರ್ಧ ಪುಟ, ಕಾಲು ಪುಟ. 'ಶುಭ ಹಾರೈಕೆಗಳೊಂದಿಗೆ, ಹಿತೈಷಿಗಳು' ಎಂದು ಹೆಸರು ಹಾಕದೆ ಕೊಟ್ಟವರೂ ಇದ್ದರು. ಅವರು ಯಾರೆಂದು ಸಂಘಕ್ಕೆಲ್ಲ ಗೊತ್ತಿರುತ್ತಿತ್ತು, ಗೊತ್ತಾಗುವಂತೆ ಅವರೇ ನೋಡಿಕೊಳ್ಳುತ್ತಿದ್ದರು. ಇವತ್ತು ಓಟಗಾರನ ಆನ್‌ಲೈನ್ ಪುಟ ತೆರೆದರೆ ಕಾಣುವುದೂ ಅದೇ ಸಂಚಿಕೆ, ಪುಟ ಮಗುಚುವ ಬದಲು ಬೆರಳಿನಲ್ಲಿ ಮೇಲೆ ತಳ್ಳಬೇಕು, ಅಷ್ಟೆ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಚಿಕ್ಕಪ್ಪ 5,000 ಕೊಟ್ಟಿದ್ದು ಕಂಡರೆ ದೊಡ್ಡಪ್ಪ 5,001 ಹಾಕುತ್ತಾರೆ. ಆ ಒಂದು ರೂಪಾಯಿ ಮಂಗಳಕ್ಕಾಗಿ ಎನ್ನುತ್ತಾರೆ, ನಂಬಬೇಕಾದವರು ನಂಬಬಹುದು. ಮದುವೆ ಮನೆಯ ಮುಯ್ಯಿ ಪುಸ್ತಕ ಇದ್ದಂತೆ ಇದು: ನನ್ನ ಓಟಕ್ಕೆ ನೀನು ಹಾಕಿದ್ದು ನಿನ್ನ ಓಟಕ್ಕೆ ನಾನು ತೀರಿಸಬೇಕು. ಆಫೀಸುಗಳಲ್ಲಂತೂ ಈ ಸಾಲ ಬಡ್ತಿಯಾಗಿ ವರ್ಗವಾದರೂ ಬೆನ್ನು ಬಿಡುವುದಿಲ್ಲ.

ಸ್ನೇಹಿತರ ಮಗಳು ಓಡುವ ಈ ಮುಂಬಯಿ ಮ್ಯಾರಥಾನ್ ಮೊದಲ ಸಲ ನಡೆದದ್ದು 2004ರ ಫೆಬ್ರವರಿ 15ರಂದು. ಪ್ರೊಕ್ಯಾಮ್ ಎಂಬ ಸಂಸ್ಥೆ ಶುರುಮಾಡಿತು. ಮರುವರ್ಷದಿಂದ ಜನವರಿಗೆ ಬಂತು, ಏಕೆಂದರೆ ಮುಂಬಯಿಗೆ ಚಳಿ ಎಂಬುದೇನಾದರೂ ಇದ್ದರೆ ಅದು ಆಗಲೇ. ಮೊದಲು ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಹೆಸರಿನಲ್ಲಿತ್ತು, 2018ರಿಂದ ಟಾಟಾ ಹೆಸರಿನಲ್ಲಿದೆ. ಕೊರೋನಾ ದೆಸೆಯಿಂದ 2021, 2022ರಲ್ಲಿ ನಡೆಯಲಿಲ್ಲ. 2023ರಲ್ಲಿ ಮತ್ತೆ ನಡೆದಾಗ ಇಥಿಯೋಪಿಯಾದ ಹೈಲೆ ಲೆಮಿ ಪೂರ್ತಿ 42.195 ಕಿಲೋಮೀಟರನ್ನು 2 ಗಂಟೆ 7 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ನಮ್ಮ ವಿರಾರ್ ಲೋಕಲ್ ಚರ್ಚ್‌ಗೇಟ್ ಮುಟ್ಟಲು ತೆಗೆದುಕೊಳ್ಳುವ ಸಮಯವನ್ನು ನೆನೆದರೆ ಅದೇನೆಂದು ತಿಳಿದೀತು.

ಅನೇಕರಿಗೆ ಒಂದು ಭ್ರಮೆ ಇದೆ. ಪ್ರವೇಶ ಶುಲ್ಕ ಕಟ್ಟಿದ ಕೂಡಲೇ ಅದು ಅನಾಥ ಮಕ್ಕಳಿಗೆ ಹೋಯಿತು, ಇನ್ನು ತಮ್ಮ ಕರ್ತವ್ಯ ಟಿ-ಶರ್ಟ್ ಹಾಕಿಕೊಂಡು ಫೋಟೋ ತೆಗೆಸುವುದಷ್ಟೇ ಎಂದು. ಹಾಗಲ್ಲ. ಶುಲ್ಕದ ದಾರಿ ಬೇರೆ, ದಾನದ ದಾರಿ ಬೇರೆ. ದಾನದ ಲೆಕ್ಕ ನೋಡಿಕೊಳ್ಳುವುದು ಯುನೈಟೆಡ್ ವೇ ಮುಂಬಯಿ ಎಂಬ ಸಂಸ್ಥೆ. ಎನ್‌ಜಿಓಗಳು ಅಲ್ಲಿ ಹೆಸರು ನೋಂದಾಯಿಸಿ, ಎದೆಗೆ ಚುಚ್ಚಿಕೊಳ್ಳುವ ನಂಬರಿನ ಬಿಬ್‌ಗಳಲ್ಲಿ ಒಂದಷ್ಟನ್ನು ಪಡೆದು ದಾನ ಕೊಟ್ಟವರಿಗೋ ಎತ್ತಿಕೊಟ್ಟವರಿಗೋ ಹಂಚುತ್ತವೆ. ಕಂಪನಿಗಳು ತಂಡ ಕಟ್ಟಿ ಬರುತ್ತವೆ. ಒಬ್ಬೊಬ್ಬರೇ ನಿಂತು ಲಕ್ಷಗಟ್ಟಲೆ ಕೂಡಿಸುವವರಿದ್ದಾರೆ. ಎಲ್ಲ ಸೇರಿ ವರ್ಷವರ್ಷವೂ ಹತ್ತಾರು ಕೋಟಿ. ದೊಡ್ಡ ಮೊತ್ತವೇ. ಆದರೆ ಅದನ್ನು ಎತ್ತಲು ಊರ ತುಂಬ ಪರಿಚಯಸ್ಥರು ಬೇಕು, ಅವರಲ್ಲಿ ನಾಲ್ಕು ಜನವಾದರೂ ಕಂಪನಿಗಳ ಮೇಲಂತಸ್ತಿನವರಿರಬೇಕು. ಭಿವಂಡಿಯ ಆಚೆ ಆದಿವಾಸಿ ಮಕ್ಕಳಿಗೆ ಶಾಲೆ ನಡೆಸುವ ಇಬ್ಬರು ಮಾಸ್ತರರಿಗೆ ಅಂಥ ಪರಿಚಯ ಎಲ್ಲಿಂದ ಬರಬೇಕು? ನಾಟಕದ ಟಿಕೆಟಿನ ಕಾಲದಲ್ಲೂ ಹೀಗೇ ಇತ್ತು; ಗಲ್ಲಾದ ಮೇಲೆ ಕೂತವರು ಬಲ್ಲವರಾದರೆ ಮಾತ್ರ ಸಂಚಿಕೆ ದಪ್ಪಗಾಗುತ್ತಿತ್ತು.

ಕೇಳುವುದಕ್ಕೆಂದೇ ಓಡಿದ ಮಹಾಪುರುಷ ಒಬ್ಬನಿದ್ದ, ಹೊರಟಾಗ ಇಪ್ಪತ್ತೆರಡೂ ತುಂಬದ ಟೆರ್ರಿ ಫಾಕ್ಸ್. ಮೂಳೆಯ ಕ್ಯಾನ್ಸರಿಗೆ ಬಲಗಾಲು ಕೊಟ್ಟ ಕೆನಡಾದ ಹುಡುಗ. 1980ರ ಏಪ್ರಿಲ್ 12ರಂದು ಅಟ್ಲಾಂಟಿಕ್ ಸಾಗರದಲ್ಲಿ ಕೃತಕ ಕಾಲು ಅದ್ದಿ ದೇಶದ ಆಚೆ ತುದಿಗೆ ಓಡಲು ಹೊರಟ. ಹೆಚ್ಚುಕಡಿಮೆ ದಿನಕ್ಕೊಂದು ಮ್ಯಾರಥಾನ್. ಕೆನಡಾದವರು ತಲೆಗೆ ಒಂದು ಡಾಲರ್ ಕೊಟ್ಟರೆ ಸಾಕು ಎಂದು ಅವನ ಬೇಡಿಕೆ. ಮೊದಮೊದಲು ಕೆಲವು ಊರುಗಳಲ್ಲಿ ಯಾರೂ ತಿರುಗಿ ನೋಡಲಿಲ್ಲ. ಆದರೂ ಓಡಿ ದಣಿದ ಮೇಲೆ ಊರೂರಲ್ಲಿ ನಿಂತು ಮಾತಾಡುತ್ತಿದ್ದ. 143 ದಿನ, 5,373 ಕಿಲೋಮೀಟರ್ ಆದಾಗ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಓಟ ನಿಂತಿತು, ದುಡ್ಡು ನಿಲ್ಲಲಿಲ್ಲ. 1981ರ ಫೆಬ್ರವರಿಗೆ ಅವನ ತಲೆಗೊಂದು ಡಾಲರಿನ ಲೆಕ್ಕ ಸರಿಯಾಗಿ ಕೂಡಿತ್ತು, ಎರಡು ಕೋಟಿ ನಲವತ್ತು ಲಕ್ಷದ ಮೇಲೆ. ಆ ಜೂನ್‌ನಲ್ಲಿ ತೀರಿಕೊಂಡ. ಅವನ ಹೆಸರಿನ ಓಟ ಮುಂಬಯಿಗೂ ಬಂತು, ಮ್ಯಾರಥಾನಿಗಿಂತ ಎಷ್ಟೋ ಮೊದಲು. ಅದಕ್ಕೆ ಪ್ರವೇಶ ಶುಲ್ಕವಿರಲಿಲ್ಲ, ಗೆಲ್ಲುವವರಿರಲಿಲ್ಲ, ಬಹುಮಾನವಿರಲಿಲ್ಲ. ಓಡಬಹುದಿತ್ತು, ನಡೆಯಬಹುದಿತ್ತು, ಮೊಮ್ಮಗನ ಗಾಡಿ ತಳ್ಳಿಕೊಂಡು ಹೋಗಬಹುದಿತ್ತು. ಕೂಡಿದ ಹಣ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸಂಶೋಧನೆಗೆ ಹೋಗುತ್ತಿತ್ತು. ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಫೈಲು ಹಿಡಿದು ಬಂದವರನ್ನು ಆ ಆಸ್ಪತ್ರೆಗೆ ಕರೆದೊಯ್ದು ಸಾಲಿನಲ್ಲಿ ನಿಲ್ಲದ ಮುಂಬಯಿ ಕನ್ನಡಿಗರು ಕಡಿಮೆ. ಆ ಹುಡುಗನ ಡಾಲರಿನ ಬೆಲೆಯನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಟೆರ್ರಿಯನ್ನು ನೆನೆದ ಬಾಯಲ್ಲೇ ನಮ್ಮ ಮ್ಯಾರಥಾನಿನ ದಿನದ ಡ್ರೀಮ್ ರನ್ ವಿಷಯ ಹೇಳುವುದು ಸ್ವಲ್ಪ ಕಷ್ಟ. ಸುಮಾರು ಆರು ಕಿಲೋಮೀಟರಿನ ಜಾತ್ರೆ ಅದು. ಒಬ್ಬ ಬದನೆಕಾಯಿಯ ವೇಷ ಹಾಕಿ ಸಾವಯವ ಕೃಷಿ ಎನ್ನುತ್ತಾನೆ, ಇನ್ನೊಬ್ಬ ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು ಪ್ಲಾಸ್ಟಿಕ್ ಬೇಡ ಎನ್ನುತ್ತಾನೆ. ಫಲಕಗಳ ಮೇಲೆ ನೀರು ಉಳಿಸಿ, ಹುಲಿ ಉಳಿಸಿ, ಹೆಣ್ಣುಮಗು ಉಳಿಸಿ. ಕಾಲಡಿಯಲ್ಲಿ ಅರ್ಧ ಕುಡಿದು ಎಸೆದ ನೀರಿನ ಬಾಟಲಿಗಳು. ನಗು ಬರುತ್ತದೆ, ನಕ್ಕಿದ್ದೇನೆ. ಆದರೆ ಅಲ್ಲೇ ಗಾಲಿಕುರ್ಚಿಯಲ್ಲಿ ಬಂದವರ ಓಟವೊಂದು ಬೇರೆಯೇ ನಡೆಯುತ್ತದೆ. ವರ್ಷವಿಡೀ ಫುಟ್‌ಪಾತಿನ ಮೆಟ್ಟಿಲು, ಅಂಗಡಿಯವರ ಸಾಮಾನು, ಲೋಕಲ್ಲಿನ ನೂಕುನುಗ್ಗಲು ದಾಟಲಾಗದವರಿಗೆ ಆ ಬೆಳಿಗ್ಗೆ ಇಡೀ ಡಾಂಬರು ರಸ್ತೆ ಬಿಟ್ಟುಕೊಟ್ಟಿರುತ್ತಾರೆ. ಬಾಂದ್ರಾ–ವರ್ಲಿ ಸೀ ಲಿಂಕ್ ಕೂಡ ಹಾಗೆಯೇ. 2009ರಲ್ಲಿ ತೆರೆದಾಗಿನಿಂದ ಅದು ಮೋಟಾರಿನವರ ಸೇತುವೆ, ಕಾಲ್ನಡಿಗೆಯವರನ್ನು ಹತ್ತಗೊಡುವುದಿಲ್ಲ. ಮ್ಯಾರಥಾನಿನ ದಿನ ಮಾತ್ರ ಚೆಂಬೂರಿನ ಗುಮಾಸ್ತನೂ ಅದರ ಮೇಲೆ ಕಾಲಿಟ್ಟು ಎಡಬಲ ಸಮುದ್ರ ನೋಡಬಹುದು.

ಕೇಳದೆಯೇ ಕೊಡುವವರು ಸಿಗುವುದು ಪೆಡ್ಡರ್ ರೋಡಿನಲ್ಲಿ. ಪೂರ್ತಿ ಮ್ಯಾರಥಾನ್ ಓಡುವವರಿಗೆ ಮರಳುವ ದಾರಿಯಲ್ಲಿ ಆ ಏರು ಎದುರಾಗುವಾಗ ಮೂವತ್ತು ಚಿಲ್ಲರೆ ಕಿಲೋಮೀಟರ್ ಮುಗಿದು ತೊಡೆ ಕಲ್ಲಾಗಿರುತ್ತದೆ, ಬಿಸಿಲು ನೆತ್ತಿಗೇರುತ್ತಿರುತ್ತದೆ. ಆಗ ಅಕ್ಕಪಕ್ಕದ ಕಟ್ಟಡಗಳಿಂದ ಇಳಿದು ಬಂದ ಹೆಂಗಸರು, ಮಕ್ಕಳು, ಮುದುಕರು ತಟ್ಟೆಯಲ್ಲಿ ಕಿತ್ತಳೆ ತೊಳೆ, ಶೇಂಗಾ ಚಿಕ್ಕಿ, ಉಪ್ಪು ಹಿಡಿದು ನಿಂತಿರುತ್ತಾರೆ. ಒಬ್ಬ ಅಜ್ಜಿ ಕಿತ್ತಳೆಯ ಬೀಜವನ್ನೂ ತೆಗೆದು, ತೊಳೆಯನ್ನು ನಡುವೆ ಸೀಳಿ, ಓಡುವವರ ಕೈಗೆ ನೇರ ಸಿಗುವಂತೆ ಅಂಗೈ ಚಪ್ಪಟೆ ಮಾಡಿ ಹಿಡಿದುಕೊಂಡಿದ್ದರು. ತೊಳೆ ಖಾಲಿಯಾದ ಕೂಡಲೇ ಹಿಂದೆ ನಿಂತ ಸೊಸೆ ಇನ್ನೊಂದನ್ನು ಅಂಗೈಗೆ ಇಡುವಳು. ಅಜ್ಜಿ ತಿರುಗಿಯೂ ನೋಡುತ್ತಿರಲಿಲ್ಲ. ಇಂಥ ಕೈಗಳ ಬಗ್ಗೆ ಉತ್ತರ ಕರ್ನಾಟಕದಿಂದ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋದವರನ್ನು ಕೇಳಿ. ದಾರಿಯುದ್ದಕ್ಕೂ ಗುರುತಿಲ್ಲದವರು ಮಜ್ಜಿಗೆ ಕೊಟ್ಟು, ಬಿಸಿನೀರು ಕಾಸಿ, ಕಾಲಿಗೆ ಎಣ್ಣೆ ಹಚ್ಚಿ ಕಳಿಸಿದ ಕತೆಯೇ ಮಲ್ಲಿಕಾರ್ಜುನನ ದರ್ಶನದ ಕತೆಗಿಂತ ಉದ್ದವಿರುತ್ತದೆ.

ಓಟ ಈಗ ದಕ್ಷಿಣ ಮುಂಬಯಿಯ ಸೊತ್ತಾಗಿ ಉಳಿದಿಲ್ಲ. ವಸಯಿ-ವಿರಾರ್‌ಗೆ ಅದರದೇ ಮ್ಯಾರಥಾನ್, ಠಾಣೆಗೆ ಮಳೆಗಾಲದ್ದೊಂದು. 2012ರಲ್ಲಿ ಮಿಲಿಂದ್ ಸೋಮನ್ ಮತ್ತು ರೀಮಾ ಸಾಂಘವಿ ಸೇರಿ ಹೆಂಗಸರಿಗೆಂದೇ ಪಿಂಕಥಾನ್ ಶುರುಮಾಡಿದರು, ಸ್ತನ ಕ್ಯಾನ್ಸರಿನ ಬಗ್ಗೆ ತಿಳಿವಳಿಕೆ ಹಬ್ಬಿಸುವುದಕ್ಕೆ. ಅಲ್ಲಿ ಸೀರೆಯುಟ್ಟು ಓಡಿದವರಿದ್ದಾರೆ. ಡಾಕ್ಟರರ ಎದುರಿನಲ್ಲೂ ಪಿಸುಗುಟ್ಟುವ ಕಾಯಿಲೆಯ ಹೆಸರನ್ನು ಬೆನ್ನಿಗೆ ಅಂಟಿಸಿಕೊಂಡು ರಸ್ತೆಗಿಳಿದರಲ್ಲ, ಅಲ್ಲಿ ಎಷ್ಟು ಹಣ ಕೂಡಿತು ಎಂದು ನಾನು ಕೇಳುವುದಿಲ್ಲ.

ನಮ್ಮ ಸೊಸೈಟಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ರಾಯರೊಬ್ಬರಿದ್ದಾರೆ. ಅವರು ಕೇಳುತ್ತಾರೆ. "ಬೂಟಿಗೆ ಒಂಬತ್ತು ಸಾವಿರ, ಗಡಿಯಾರಕ್ಕೆ ಇಪ್ಪತ್ತು, ಮೊಣಕಾಲು ತಿಕ್ಕುವವನಿಗೆ ಬೇರೆ. ಅಷ್ಟನ್ನೂ ನೇರವಾಗಿ ಅನಾಥಾಶ್ರಮಕ್ಕೆ ಕೊಟ್ಟುಬಿಟ್ಟರೆ ಮುಗೀತಲ್ರೀ?" ಲೆಕ್ಕ ಸರಿಯೇ. ಆದರೆ ಒಂದು ಜೊತೆ ಬೂಟು ಕೊಳ್ಳದೆ ಬಿಟ್ಟು ಅದರ ಬೆಲೆಯನ್ನು ಅನಾಥಾಶ್ರಮಕ್ಕೆ ಮನಿಯಾರ್ಡರ್ ಮಾಡಿದ ಮನುಷ್ಯನನ್ನು ನಾನಂತೂ ಕಂಡಿಲ್ಲ. ರಾಯರೂ ಕಂಡಿಲ್ಲ. ಇದನ್ನು ಅವರಿಗೆ ಹೇಳಿದ್ದಕ್ಕೋ, ಡಾಕ್ಟರು ನಡೆಯಿರಿ ಎಂದು ಬೈದದ್ದಕ್ಕೋ, ಅವರೀಗ ಹಿರಿಯ ನಾಗರಿಕರ ಓಟಕ್ಕೆ ಹೆಸರು ಕೊಟ್ಟಿದ್ದಾರೆ. ಕಣ್ಣಿನ ಚಿಕಿತ್ಸೆ ಮಾಡಿಸುವ ಒಂದು ಟ್ರಸ್ಟಿನ ಪರವಾಗಿ ಪುಟವನ್ನೂ ತೆರೆದಿದ್ದಾರೆ. ಮೊನ್ನೆ ಸಂಜೆ ಬೆಲ್ ಒತ್ತಿದರು. ಕೈಯಲ್ಲಿ ಸೊಸೈಟಿಯ ಎಲ್ಲ ಮನೆಗಳ ನಂಬರು ಬರೆದ ಹಾಳೆ, ಕಿವಿಯ ಮೇಲೆ ಪೆನ್ನು. 80ಜಿ ರಸೀದಿ ಸಿಗುತ್ತದೆ, ತೆರಿಗೆ ಉಳಿಯುತ್ತದೆ ಎಂದು ಶುರುಮಾಡಿ ಕಣ್ಣಿನ ಪೊರೆಯವರೆಗೆ ಬಂದರು. ಚಹಾ ಬೇಡವೆಂದರು, ಹಳೆಯ ಹುಲಿ, ಚಹಾದ ಗುಟ್ಟು ಗೊತ್ತು. ನಾನು ಫೋನ್ ತೆಗೆದು ಮೊತ್ತ ಹಾಕಿದೆ. ರಾಯರು ಕನ್ನಡಕ ಮೇಲೇರಿಸಿ ಅದನ್ನು ನೋಡಿ, ಒಂದು ನಿಮಿಷ ಸುಮ್ಮನಿದ್ದು, "ಹೆಸರು ಬೇಡ ಅನ್ನೋ ಗುಂಡಿ ಒತ್ತಿಬಿಡಿ" ಎಂದರು. "ಯಾಕೆ ರಾಯರೇ?" ಎಂದರೆ, "ಪಕ್ಕದ ಮನೆಯವರ ಹತ್ರ ನಿಮ್ಮದನ್ನು ಇದರ ಎರಡರಷ್ಟು ಅಂತ ಹೇಳೋಣ ಅಂತ."