ಬೇವಿನ ಲೇಪವೂ ವ್ಯತಿರೇಕವೂ

ಗಾಯಕ್ಕೆ ಅರಿಸಿನ, ಕಜ್ಜಿಗೆ ಬೇವು ಎಂಬುದು ನಮ್ಮ ಅರಕೇರಾದ ಮನೆಮನೆಯವರೂ ಬಲ್ಲ ವೈದ್ಯವಷ್ಟೆ. ಸುಶ್ರುತಸಂಹಿತೆಯಲ್ಲಿ ವ್ರಣಚಿಕಿತ್ಸೆಯ ವಿಸ್ತಾರವಾದ ವಿಚಾರವಿದೆ. ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನಗೆ ಇದರಲ್ಲಿ ಅಭಿಮಾನವುಂಟು. ಅರಿಸಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆತಾಗ, ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು ಹಳೆಯ ಬರಹಗಳನ್ನು ಸಾಕ್ಷಿಯಾಗಿಟ್ಟು ಆಕ್ಷೇಪಿಸಿತು. 1997ರಲ್ಲಿ ಅದು ರದ್ದಾಯಿತು. ಆದರೆ ಅಲ್ಲಿ ಸಿದ್ಧವಾದುದು ಈ ವಿದ್ಯೆ ಹೊಸದಲ್ಲವೆಂಬುದು ಮಾತ್ರ. ಅಂಗಡಿಯ ಯಾವ ಮುಲಾಮು ರೋಗಕ್ರಿಮಿಯನ್ನು ಕೊಲ್ಲುವುದೆಂಬುದಲ್ಲ.

ಈ ಭೇದವನ್ನು ನನಗೆ ಬಿಡಿಸಿ ಹೇಳಿದವನು ಔಷಧಶಾಸ್ತ್ರವನ್ನೋದಿದ ನನ್ನ ಹಳೆಯ ಶಿಷ್ಯನೊಬ್ಬನು. ನೆರಳಿನಲ್ಲಿ ಒಣಗಿಸಿದ ಬೇವಿನೆಲೆಯ ಪುಡಿಯನ್ನು ಮದ್ಯಸಾರದಲ್ಲಿ ನೆನೆಯಿಸಿ, ಸೋಸಿ, ಇಂಗಿಸಿ ಸಾರ ತೆಗೆಯುವರಂತೆ. ಎಣ್ಣೆ ನೀರುಗಳು ಕೂಡಿದ ಕೆನೆಯಂತಹ ಲೇಪದಲ್ಲಿ ಅದನ್ನು ಬೆರೆಸುವರು. ಬಳಿಕ ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಪಾಚಿಯಂಟಿನ ಹಾಸುಮಾಡಿ, ಕೀವು ಹುಟ್ಟಿಸುವ ಸ್ಟೆಫಿಲೊಕಾಕಸ್ ಜೀವಿಯನ್ನು ಹರಡಿ, ಸಣ್ಣ ಗುಳಿಯಲ್ಲಿ ಲೇಪವನ್ನಿಡುವರು. ದೇಹದಷ್ಟು ಕಾವಿನಲ್ಲಿಟ್ಟು ಮರುದಿನ ನೋಡಿದರೆ, ಜೀವಿ ಬೆಳೆಯದೆ ತಿಳಿಯಾಗಿ ಉಳಿದ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯಬಹುದು.

“ವೃತ್ತ ಕಂಡೊಡನೆ ಬೇವು ಗೆದ್ದಿತೆನ್ನಬಹುದೆ?” ಎಂದು ಕೇಳಿದೆನು.

“ಇಲ್ಲ ಗುರುಗಳೆ. ನೀರುಳ್ಳ ಲೇಪ ಕೆಡದಿರಲೆಂದು ಸಂರಕ್ಷಕ ದ್ರವ್ಯ ಹಾಕಿರುತ್ತೇವೆ. ಕ್ರಿಮಿಯನ್ನು ಕೊಂದುದು ಅದೇ ಇರಬಹುದು. ಬೇವಿಲ್ಲದ ಬರಿಯ ಲೇಪವನ್ನೂ ಇನ್ನೊಂದು ಗುಳಿಯಲ್ಲಿಡಬೇಕು” ಎಂದನು.

ಕೇಳಿ ನನಗೆ ಪರಮ ಸಂತೋಷವಾಯಿತು. ಇದು ನಮ್ಮ ತಾರ್ಕಿಕರ ಅನ್ವಯ ವ್ಯತಿರೇಕಗಳಲ್ಲದೆ ಮತ್ತೇನು? ಬೇವಿದ್ದಲ್ಲಿ ವೃತ್ತ, ಬೇವಿಲ್ಲದಲ್ಲಿ ವೃತ್ತಾಭಾವ. ಎರಡೂ ಕಂಡಾಗಲೇ ಕಾರಣದ ನಿಶ್ಚಯ.

ಆದರೂ ತಟ್ಟೆಯಲ್ಲಿ ಗೆದ್ದುದು ಮನುಷ್ಯನ ಚರ್ಮದ ಮೇಲೂ ಗೆಲ್ಲಲೇಬೇಕೆಂದಿಲ್ಲ. ಅದಕ್ಕೆ ರೋಗಿಗಳ ಮೇಲಿನ ಪರೀಕ್ಷೆ ಬೇರೆ ಬೇಕು. ಹೊಲದಲ್ಲಿ ಜಾಲಿಮುಳ್ಳು ಆಳವಾಗಿ ನಟ್ಟ ಕಾಲಿಗಂತೂ ಲೇಪವನ್ನು ಮೆತ್ತಿ ಸುಮ್ಮನಿರುವುದು ಸಲ್ಲದು. ಧನುರ್ವಾಯುವಿನ ಜೀವಿಯು ಗಾಳಿಯಾಡದ ಆಳದಲ್ಲಿ ಬೆಳೆಯುವುದು. ಮೇಲಿನ ಲೇಪ ಅಲ್ಲಿಗೆ ಮುಟ್ಟದು. ಸಾಬೂನು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದರೆ ಚುಚ್ಚುಮದ್ದು ಹಾಕಿಸಿಕೊಳ್ಳತಕ್ಕುದು.

ಇದರಿಂದ ಬೇವಿನ ಗೌರವವೇನೂ ಕುಂದದು. ಡಬ್ಬಿಯ ಮೇಲೆ ಎಲೆಯ ಚಿತ್ರವನ್ನು ಕಂಡಾಗ, ಬೇವಿಲ್ಲದ ಆ ಎರಡನೆಯ ಗುಳಿಯಲ್ಲಿ ಏನಾಯಿತೆಂದು ಕೇಳುವ ಅಭ್ಯಾಸವನ್ನು ಗೃಹಸ್ಥರು ಇಟ್ಟುಕೊಂಡರೆ ಸಾಕು.