ಕ್ರ್ಯಾಶ್ ಆಗಬಾರದ ವಿಮಾನ

ನನ್ನ ವಿಮಾನದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಆದ್ರೆ ನನಗಿಷ್ಟ ಜಂಬೋ ಜೆಟ್ ಅಲ್ಲ, ಕೆನಡಾದ ಪುಟ್ಟ ಡಿ ಹ್ಯಾವಿಲೆಂಡ್ ಬೀವರ್! ಒಂದೇ ಎಂಜಿನ್, 450 ಅಶ್ವಶಕ್ತಿ. ಮೊದಲು ಹಾರಿದ್ದು 1947ರ ಆಗಸ್ಟ್ 16ರಂದು. ಬೇಸಿಗೆಯಲ್ಲಿ ಸರೋವರದ ಮೇಲೆ ಇಳಿಯುತ್ತೆ, ಚಳಿಗಾಲದಲ್ಲಿ ಸ್ಕೀ ತೊಟ್ಟು ಹಿಮದ ಮೇಲೆ.

ಇದನ್ನು ವಿನ್ಯಾಸ ಮಾಡುವಾಗ ಕಂಪನಿಯವರು ಕಾಡಿನ ಪೈಲಟ್‌ಗಳನ್ನೇ 'ನಿಮಗೇನು ಬೇಕು?' ಅಂತ ಕೇಳಿದ್ರು. ಅದಕ್ಕೇ ಡ್ರಮ್ಮನ್ನೇ ಉರುಳಿಸಿ ಒಳಗೆ ಹಾಕುವಷ್ಟು ಅಗಲದ ಬಾಗಿಲು. ಎಂಜಿನ್ ಆಯಿಲ್ ಹಾಕೋ ಬಾಯಿ ಕಾಕ್‌ಪಿಟ್ ಒಳಗೇ ಇದೆ, ಹಾರುತ್ತಲೇ ಸುರಿಯಬಹುದು! ಕೊರೆಯುವ ಚಳಿಯಲ್ಲಿ ಎಂಜಿನ್ ಹತ್ತಿರ ಹತ್ತಿ ನಿಂತವರಷ್ಟೇ ಕೇಳಬಹುದಾದ ಫೀಚರ್ ಅದು.

ತಯಾರಿಕೆ 1967ರಲ್ಲೇ ನಿಂತಿತು. ಬೀವರ್‌ಗಳು ಇವತ್ತಿಗೂ ಹಾರುತ್ತಿವೆ. ನಮ್ಮ ಸಾಫ್ಟ್‌ವೇರ್ ಮೂರು ವರ್ಷ ಬಾಳಿದ್ರೆ ಪಾರ್ಟಿ ಕೊಡ್ತೀವಿ... ಬಳಸೋರನ್ನ ಕೇಳೋದು ಎಲ್ಲ ಮುಗಿದ ಮೇಲೆ!

ಉತ್ತರ ಒಂಟಾರಿಯೋದ ಎಷ್ಟೋ ಮೂಲನಿವಾಸಿಗಳ ಊರಿಗೆ ವರ್ಷವಿಡೀ ಓಡಾಡೋ ರಸ್ತೆಯಿಲ್ಲ. ಚಳಿಗಾಲದ ಮಂಜಿನ ರಸ್ತೆ ಕೆಲವೇ ವಾರ. ಭೂಮಿ ಬಿಸಿಯಾಗ್ತಾ ಆ ವಾರಗಳೂ ಕಮ್ಮಿಯಾಗ್ತಿವೆ. ಅಲ್ಲಿ ವಿಮಾನವೇ ಬಸ್ಸು, ವಿಮಾನವೇ ಆಂಬುಲೆನ್ಸ್. ಹೊಳೆ ತುಂಬಿದ್ರೆ ಬಸ್ಸು ನಿಲ್ಲೋ ಮಲೆನಾಡಿನ ಊರಿಂದ ಬಂದೋನಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಜ್ವರದಲ್ಲಿರೋ ಮಗೂನ ಮಡಿಲಲ್ಲಿಟ್ಟುಕೊಂಡು ಆಕಾಶ ನೋಡ್ತಿರೋ ತಾಯಿಗೆ 'ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ' ಅನ್ನೋಕಾಗುತ್ತಾ, ನೀವೇ ಹೇಳಿ?