ಟೆಂಪರರಿ

ಎರಡು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಅವರ ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದೆ. ನಮ್ಮ ಸರ್ವರ್ ಇದ್ದದ್ದು ಅಮೆಜಾನ್ ಕ್ಲೌಡ್‌ನಲ್ಲಿ. ಮೊಬೈಲ್ ಇಂಟರ್ನೆಟ್‌ನಲ್ಲಿ ನನ್ನ ಐಪಿ ವಿಳಾಸ ಪದೇ ಪದೇ ಬದಲಾಗುತ್ತಿತ್ತು. ಬೇಸತ್ತು, ಲಾಗಿನ್ ಆಗುವ 22ನೇ ಪೋರ್ಟನ್ನು 0.0.0.0/0ಗೆ, ಅಂದರೆ ಇಡೀ ಜಗತ್ತಿಗೇ, ತೆರೆದಿಟ್ಟೆ. ಫೈರ್‌ವಾಲ್ ನಿಯಮದ ವಿವರಣೆಯಲ್ಲಿ ‘ಟೆಂಪರರಿ’ ಎಂದು ಬರೆದೆ.

“ಮುಗೀತಾ ನಿನ್ನ ಕೆಲಸ?” ಅಪ್ಪ ಎರಡು ಸಲ ಕೇಳಿದರು. “ಐದೇ ನಿಮಿಷ” ಎಂದೆ.

ಅಪ್ಪ ಉಳಿಯಲಿಲ್ಲ. ಆ ನಿಯಮ ಮಾತ್ರ ಹಾಗೇ ಉಳಿಯಿತು.

ಮೊನ್ನೆ ಲಾಗ್ ತೆರೆದರೆ, ಗೊತ್ತಿಲ್ಲದ ವಿಳಾಸಗಳಿಂದ ‘ರೂಟ್’, ‘ಅಡ್ಮಿನ್’ ಎಂಬ ಹೆಸರಿನಲ್ಲಿ ಯಾರ್ಯಾರೋ ಬಾಗಿಲು ತಟ್ಟಿದ ಸಾಲುಗಳು. ಕೀ ಇಲ್ಲದೆ ಒಳಗೆ ಬಿಡದ ವ್ಯವಸ್ಥೆಯಿದ್ದುದರಿಂದ ಯಾರೂ ನುಗ್ಗಿರಲಿಲ್ಲ. ಆದರೂ ಎದೆ ಧಸಕ್ಕೆಂದಿತು.

ಮುಚ್ಚುವುದಕ್ಕೂ ಕ್ರಮವಿದೆ. ಮೊದಲು ಆಫೀಸಿನ ವಿಳಾಸಕ್ಕೆ ಅನುಮತಿ ಸೇರಿಸಿದೆ. ಇಲ್ಲದಿದ್ದರೆ ನಾನೇ ಹೊರಗುಳಿಯುತ್ತಿದ್ದೆ. ಆಮೇಲೆ ‘ರಿವೋಕ್-ಸೆಕ್ಯುರಿಟಿ-ಗ್ರೂಪ್-ಇಂಗ್ರೆಸ್’ ಎಂದು ಟೈಪ್ ಮಾಡಿ, ಅಂದು ತೆರೆಯುವಾಗ ಕೊಟ್ಟಿದ್ದ ಪ್ರೋಟೋಕಾಲ್, ಪೋರ್ಟ್, ವಿಳಾಸ ಎಲ್ಲವನ್ನೂ ಹಾಗ್ಹಾಗೇ ಬರೆದೆ. ಒಂದು ತಪ್ಪಿದರೂ ನಿಯಮ ಅಳಿಯುವುದಿಲ್ಲ. ಎಂಟರ್ ಒತ್ತುವ ಮುನ್ನ ಕೈ ತಡೆಯಿತು. ಆ ಮಧ್ಯಾಹ್ನ ನಾನು ಮಾಡಿದ ಕೆಲಸದಲ್ಲಿ ಉಳಿದಿದ್ದದ್ದು ಇದೊಂದೇ ಸಾಲು.

ಒತ್ತಿದೆ. ‘ಟ್ರೂ’ ಎಂದು ಉತ್ತರ ಬಂತು.

ಖಾತ್ರಿಗೆಂದು ಮೊಬೈಲ್ ಇಂಟರ್ನೆಟ್‌ನಿಂದ ಲಾಗಿನ್ ಆಗಲು ನೋಡಿದೆ. ಬೇಡವೆಂದೂ ಹೇಳದೆ ಸರ್ವರ್ ಸುಮ್ಮನಿತ್ತು. ಸ್ವಲ್ಪ ಹೊತ್ತು ಕಾದು, ಲ್ಯಾಪ್‌ಟಾಪ್ ಮುಚ್ಚಿ, ಊರಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ.